ಸ್ವಂತ ಪಾತ್ರ ಇಳಿಸುವ ಅಗ್ಗದ ಫೈಟಿಂಗ್ ಗೇಮ್: ಮುಗೆನ್, ಇಕೆಮೆನ್ ಗೋ, ಫೈಟರ್ ಮೇಕರ್, ರೈವಲ್ಸ್‌ನಲ್ಲಿ ಯಾವುದು ಯಾರಿಗೆ?

ನಮ್ಮದೇ ಪಾತ್ರ ಸೇರಿಸಬಹುದಾದ ಫೈಟಿಂಗ್ ಗೇಮ್ ಬೇಕು, ಖರ್ಚು ಮಾತ್ರ ಕಡಿಮೆ ಇರಬೇಕು ಎಂದು ಹುಡುಕಿದರೆ ಸುತ್ತಿ ಸುತ್ತಿ ನಾಲ್ಕು ಹೆಸರು ಸಿಗುತ್ತವೆ: ಮುಗೆನ್, ಇಕೆಮೆನ್ ಗೋ, 2ಡಿ ಫೈಟರ್ ಮೇಕರ್ 2002, ರೈವಲ್ಸ್ ಆಫ್ ಈಥರ್‌ನ ವರ್ಕ್‌ಶಾಪ್. ಮೊದಲೆರಡು ಪುಕ್ಕಟೆ ಎಂಜಿನ್‌ಗಳು, ಅಂದರೆ ಪಾತ್ರಗಳನ್ನು ಹಾಕಿ ಆಟ ಓಡಿಸುವ ತಂತ್ರಾಂಶ. ಮೂರನೆಯದು ಜಪಾನಿನ ಹಳೆಯ ಸಾಫ್ಟ್‌ವೇರ್. ನಾಲ್ಕನೆಯದು ಸಣ್ಣ ತಂಡವೊಂದು ಮಾಡಿ ಮಾರುವ ಆಟ, ಪಾತ್ರ ಸೇರಿಸುವ ದಾರಿ ಅದರೊಳಗೇ ಇದೆ. ಇವುಗಳಲ್ಲಿ ಒಳ್ಳೆಯದು ಯಾವುದು ಎಂದು ಕೇಳುವ ಮೊದಲು, ಯಾರ ಎದುರು ಆಡುತ್ತೀರಿ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. ಕಂಪ್ಯೂಟರ್ ಎದುರು ಒಬ್ಬರೇ ಆಡುವವರಿಗೆ, ಪಕ್ಕದಲ್ಲಿ ಕೂತ ಗೆಳೆಯನ ಜೊತೆ ಆಡುವವರಿಗೆ, ದೂರದೂರಿನ ಗೆಳೆಯನ ಜೊತೆ ನೆಟ್‌ನಲ್ಲಿ ಆಡುವವರಿಗೆ ಉತ್ತರ ಒಂದೇ ಅಲ್ಲ.

ಅವಸರದಲ್ಲಿದ್ದರೆ ಇಷ್ಟು ಸಾಕು. ಹೊಸದಾಗಿ ಪಾತ್ರ ಮಾಡಲು ಕೂರುವವರು ಇಕೆಮೆನ್ ಗೋ ಹಿಡಿಯಿರಿ. ಬೇರೆಯವರು ಮಾಡಿಟ್ಟ ಹಳೆಯ ಪಾತ್ರಗಳನ್ನು ಗುಡ್ಡೆ ಹಾಕಿ ಹೊಡೆದಾಡಿಸಿ ನೋಡುವ ಮಜಾ ಬೇಕಾದರೆ ಮುಗೆನ್. ಕೋಡ್ ಕಂಡರೆ ಆಗದವರಿಗೆ ಫೈಟರ್ ಮೇಕರ್, ಅದೂ ಹಳೆಯ ಸಾಫ್ಟ್‌ವೇರಿನ ಕಿರಿಕಿರಿ ಸಹಿಸುವ ತಾಳ್ಮೆ ಇದ್ದರೆ. ಈಗಾಗಲೇ ಹದವಾಗಿರುವ ಆಟದೊಳಗೆ ನಮ್ಮದೊಂದು ಪಾತ್ರ ನಿಂತರೆ ಸಾಕು ಎನ್ನುವವರಿಗೆ ರೈವಲ್ಸ್. ಓಪನ್‌ಬೋರ್ ಹೆಸರನ್ನೂ ಕೆಲವರು ಇದೇ ಸಾಲಿನಲ್ಲಿ ಸೇರಿಸುತ್ತಾರೆ. ಅದು ಬೀದಿಯುದ್ದಕ್ಕೂ ನಡೆಯುತ್ತ ಗುಂಪನ್ನು ಬಡಿದು ಕೆಡವುವ ಆಟಗಳಿಗಾಗಿ ಹುಟ್ಟಿದ ಎಂಜಿನ್, ಒಬ್ಬರಿಗೊಬ್ಬರ ಕಾಳಗಕ್ಕೆ ಅದನ್ನು ಬಗ್ಗಿಸುವುದು ಸುಮ್ಮನೆ ಮೈಕೈ ನೋವು.

ಮುಗೆನ್: ಸಂತೆಯೂ ಹೌದು, ಗದ್ದಲವೂ ಹೌದು

ಎಲೆಕ್‌ಬೈಟ್ ಎಂಬ ತಂಡ ಇದನ್ನು 1999ರಲ್ಲಿ ಡಾಸ್‌ಗೆ ಬಿಟ್ಟಿತು. ನಡುವೆ ತಂಡ ಕಣ್ಮರೆಯಾಗಿ, 2009ರಲ್ಲಿ ಮರಳಿ 1.0ರ ಪರೀಕ್ಷಾ ಆವೃತ್ತಿ ಕೊಟ್ಟಿತು, 2011ರಲ್ಲಿ ಪೂರ್ತಿ 1.0. 2013ರಲ್ಲಿ ಬಂದ 1.1 ಬೀಟಾ ಹಂತದಲ್ಲೇ ನಿಂತುಬಿಟ್ಟಿತು. ಆದರೂ ಇದರ ಬಲ ಕುಂದದಿರಲು ಕಾರಣ, ಇಷ್ಟು ವರ್ಷಗಳಲ್ಲಿ ಜನ ಮಾಡಿಟ್ಟ ಪಾತ್ರಗಳ ರಾಶಿ. ಡೌನ್‌ಲೋಡ್ ಮಾಡಿದ ಪಾತ್ರದ ಫೋಲ್ಡರನ್ನು ಚಾರ್ಸ್ ಫೋಲ್ಡರಿಗೆ ಹಾಕಿ, ಪಾತ್ರಗಳ ಪಟ್ಟಿ ಇರುವ ಸೆಲೆಕ್ಟ್ ಡೆಫ್ ಫೈಲ್‌ನಲ್ಲಿ ಕ್ಯಾರೆಕ್ಟರ್ಸ್ ತಲೆಬರಹದ ಕೆಳಗೆ ಫೋಲ್ಡರಿನ ಹೆಸರನ್ನು ಒಂದು ಸಾಲಿನಲ್ಲಿ ಬರೆದರೆ ಪಾತ್ರ ಆಟದೊಳಗೆ ಬಂತು. ಫೋಲ್ಡರಿನ ಹೆಸರೂ ಒಳಗಿನ ಡೆಫ್ ಫೈಲಿನ ಹೆಸರೂ ಬೇರೆಬೇರೆ ಇದ್ದರೆ ಮಾತ್ರ ಬರುವುದಿಲ್ಲ. ಆಗ ಫೋಲ್ಡರ್, ಓರೆಗೆರೆ, ಡೆಫ್ ಫೈಲ್ ಎಂದು ಪೂರ್ತಿ ದಾರಿ ಬರೆಯಬೇಕು. ‘ಪಾತ್ರ ಕಾಣುತ್ತಿಲ್ಲ’ ಎನ್ನುವ ಗೋಳಿನಲ್ಲಿ ಬಹುಪಾಲು ಇದೊಂದೇ.

ದೋಷವೂ ಅದೇ ರಾಶಿಯಲ್ಲಿದೆ. ಸಾವಿರ ಜನ ಸಾವಿರ ಅಳತೆಗೋಲು ಹಿಡಿದು ಮಾಡಿದ್ದು. ಬ್ಯಾಲೆನ್ಸ್ ಮಾಡಹೊರಟರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ. ಜೀವ ಎಲ್ಲರಿಗೂ ಸಾಮಾನ್ಯವಾಗಿ 1000 ಅಂಕ, ದೊಡ್ಡ ಹೊಡೆತಗಳಿಗಾಗಿ ಕೂಡಿಡುವ ಪವರ್ ಗರಿಷ್ಠ 3000. ಆದರೆ ಒಬ್ಬನ ಸಣ್ಣ ಗುದ್ದು 20 ಅಂಕ ಕಿತ್ತರೆ ಇನ್ನೊಬ್ಬನದು 120 ಕೀಳುತ್ತದೆ. ಕಾಂಬೊ, ಅಂದರೆ ಬಿಡುವಿಲ್ಲದೆ ಕೂಡಿದ ಹೊಡೆತಗಳ ಸರಣಿ, ಉದ್ದವಾದಂತೆ ಪೆಟ್ಟಿನ ಭಾರ ತಾನಾಗಿ ಇಳಿಯುವ ಏರ್ಪಾಡು ಮುಗೆನ್‌ನಲ್ಲಿ ಇಲ್ಲ. ಮಾಡಿದವರು ಕೋಡ್ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಚಿತ್ರದ ಅಳತೆಯೂ ಹಾಗೇ. 320 ಇಂಟು 240ರ ಲೆಕ್ಕದಲ್ಲಿ ಬರೆದವನ ಪಕ್ಕ 640 ಇಂಟು 480ರ ಲೆಕ್ಕದವನು ನಿಂತರೆ ಮಗುವಿನ ಪಕ್ಕ ಆನೆ ನಿಂತಂತೆ. ಡೆಫ್ ಫೈಲಿನ ಲೋಕಲ್‌ಕೋಆರ್ಡ್ ಸಾಲಿನಲ್ಲಿ ಸರಿಯಾದ ಅಳತೆ ಕೊಟ್ಟರೆ ಎತ್ತರ ಸರಿಹೋಗುತ್ತದೆ, ಪಿಕ್ಸೆಲ್‌ಗಳ ದಪ್ಪ ಮಾತ್ರ ಹೊಂದುವುದಿಲ್ಲ.

ಬಣ್ಣ ಕೆಡುವುದು ಇನ್ನೊಂದು ಮಾಮೂಲಿ ರೋಗ. ಹಳೆಯ ಮಾದರಿಯ ಸ್ಪ್ರೈಟ್ (ಪಾತ್ರದ ಚಿತ್ರ) ಫೈಲಿನಲ್ಲಿ ಒಂದು ಪ್ಯಾಲೆಟ್‌ಗೆ, ಅಂದರೆ ಬಣ್ಣಗಳ ಪಟ್ಟಿಗೆ, 256 ಬಣ್ಣ, ಆ ಪ್ಯಾಲೆಟ್ಟನ್ನು ಚಿತ್ರಗಳು ಹಂಚಿಕೊಳ್ಳುತ್ತವೆ. ಆಯ್ಕೆ ಪರದೆಯ ಮುಖಚಿತ್ರ, ಅಂದರೆ 9000ನೇ ಗುಂಪಿನ ಚಿತ್ರ, ಬೇರೆ ಪ್ಯಾಲೆಟ್‌ನದಾಗಿದ್ದು ಅದನ್ನೂ ಹಂಚಿಕೆಗೆ ಸೇರಿಸಿಬಿಟ್ಟರೆ ಮುಖ ಹಸಿರೋ ನೇರಳೆಯೋ ಆಗಿ ಕೂರುತ್ತದೆ. ಕೆಲವೊಮ್ಮೆ ಇಡೀ ಪಾತ್ರವೇ ಬಣ್ಣಗೆಡುತ್ತದೆ. ಮುಖಚಿತ್ರವನ್ನು ಹಂಚಿಕೆಯಿಂದ ಹೊರಗಿಡಿ, ನಿಂತ ಭಂಗಿಯ 0,0 ಚಿತ್ರಕ್ಕೆ ಮುಖ್ಯ ಪ್ಯಾಲೆಟ್ ಕೊಡಿ.

ಕಂಪ್ಯೂಟರ್ ಎದುರಾಳಿಯ ವಿಷಯದಲ್ಲಿ ಹೆಚ್ಚು ಆಸೆ ಬೇಡ. ಪಾತ್ರದ ಕೋಡಿನಲ್ಲಿ ಎಐ ಬರೆದಿಲ್ಲದಿದ್ದರೆ ಎಂಜಿನ್ ಪಾತ್ರದ ಕಮಾಂಡ್‌ಗಳನ್ನು ಮನಬಂದಂತೆ ಒತ್ತುತ್ತ ಹೋಗುತ್ತದೆ, ಅಷ್ಟೇ. ನೋಡುವುದಕ್ಕೆ ಮಾತ್ರ ಇದೂ ಮಜವೇ; 2013ರಲ್ಲಿ ಶುರುವಾದ ಸಾಲ್ಟಿ ಬೆಟ್ ಎಂಬ ನೆಟ್ ಪ್ರಸಾರದಲ್ಲಿ ಜನ ಸುಳ್ಳು ದುಡ್ಡು ಕಟ್ಟಿ ಹಗಲೂ ರಾತ್ರಿ ನೋಡಿದ್ದು ಮುಗೆನ್ ಪಾತ್ರಗಳ ಇಂಥ ಕಾಳಗವನ್ನೇ.

ವಿಂಡೋಸ್‌ನ ಹಳೆಯ ಆವೃತ್ತಿ ವಿನ್‌ಮುಗೆನ್ ಬಳಸುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಆ ಆವೃತ್ತಿಯ ಪಠ್ಯ ತೋರಿಸುವ ಆಜ್ಞೆಯಲ್ಲಿದ್ದ ಬಿರುಕನ್ನು ಹಿಡಿದು ಎಂಜಿನ್ನಿನ ಮೆಮೊರಿಗೇ ಕೈಹಾಕುವ ಪಾತ್ರಗಳನ್ನು ಕೆಲವರು ಮಾಡಿದ್ದಾರೆ. ಎದುರಾಳಿ ಯಾರೇ ಇರಲಿ, ಅವು ನಿಂತಲ್ಲೇ ಕೊಲ್ಲುತ್ತವೆ. ಪಾತ್ರದ ಫೈಲ್ ನಿಮ್ಮ ಕಂಪ್ಯೂಟರಿನಲ್ಲಿ ಬೇರೆಯ ಕೋಡ್ ಓಡಿಸಬಹುದು ಎಂದೂ ಇದರ ಅರ್ಥ. ಮೂಲ ಗೊತ್ತಿಲ್ಲದ ಪಾತ್ರಗಳನ್ನು ಅಡ್ಮಿನ್ ಅಲ್ಲದ ಅಕೌಂಟಿನಲ್ಲಿ ತೆರೆಯಿರಿ.

ಇಕೆಮೆನ್ ಗೋ

ಮುಗೆನ್‌ನ ಪಾತ್ರಗಳನ್ನೇ ಓದಬಲ್ಲ, ಗೋ ಭಾಷೆಯಲ್ಲಿ ಬರೆದ ಓಪನ್ ಸೋರ್ಸ್ ಎಂಜಿನ್ ಇದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಜೊತೆಗಾರನನ್ನು ನಡುವೆ ಬದಲಿಸುವ ಟ್ಯಾಗ್ ಆಟ ಎಂಜಿನ್ನಿನಲ್ಲೇ ಇದೆ. ಪರದೆಗಳನ್ನು ಲುವಾ ಭಾಷೆಯಲ್ಲಿ ತಿದ್ದಬಹುದು. ಪಾತ್ರದ ಕೋಡಿಗೆ ಝಡ್‌ಎಸ್‌ಎಸ್ ಎಂಬ ಚೊಕ್ಕ ಬರವಣಿಗೆಯ ಆಯ್ಕೆಯೂ ಉಂಟು. ಮುಗೆನ್‌ನ ಉದ್ದುದ್ದ ಟ್ರಿಗರ್ (ಯಾವಾಗ ಏನಾಗಬೇಕು ಎಂಬ ಷರತ್ತು) ಸಾಲುಗಳನ್ನು ಒಮ್ಮೆ ಓದಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಮುಗೆನ್‌ನಲ್ಲಿ ಇಲ್ಲವೇ ಇಲ್ಲದ ನೆಟ್ ಆಟ ಇಲ್ಲಿದೆ. ಹೋಸ್ಟ್ ಮಾಡುವವರು ರೂಟರಿನಲ್ಲಿ 7500ನೇ ಪೋರ್ಟ್ ತೆರೆಯಬೇಕು. ಸೆಟ್ಟಿಂಗ್‌ನಲ್ಲಿ ಬದಲಿಸದಿದ್ದರೆ ಅದೇ ಸಂಖ್ಯೆ. ಸಂಪರ್ಕ ಸಿಕ್ಕಿಯೂ ಎರಡನೇ ಸುತ್ತಿನಲ್ಲಿ ಇಬ್ಬರ ಪರದೆಯ ಮೇಲೂ ಬೇರೆಬೇರೆ ಕಾಳಗ ನಡೆಯುತ್ತಿದ್ದರೆ ತಪ್ಪು ನೆಟ್ಟಿನದಲ್ಲ, ಫೈಲುಗಳದು. ಎಂಜಿನ್ ಕಳಿಸುವುದು ಒತ್ತಿದ ಬಟನ್‌ಗಳನ್ನಷ್ಟೇ, ಉಳಿದ ಲೆಕ್ಕವನ್ನು ಎರಡೂ ಕಂಪ್ಯೂಟರ್ ತಂತಾವೇ ಮಾಡಿಕೊಳ್ಳುತ್ತವೆ. ಒಂದು ಕಡೆ ಗುದ್ದಿನ ಭಾರ 30, ಇನ್ನೊಂದು ಕಡೆ 32 ಇದ್ದರೆ ಅಲ್ಲಿಂದಾಚೆಗೆ ಎತ್ತು ಏರಿಗೆ, ಕೋಣ ನೀರಿಗೆ. ಪಾತ್ರಗಳನ್ನು ಒಂದೊಂದಾಗಿ ಕಳಿಸುವ ಬದಲು ಇಡೀ ಫೋಲ್ಡರನ್ನು ಜಿಪ್ ಮಾಡಿ ಗೆಳೆಯನಿಗೆ ಕೊಡಿ.

ಇದರ ಕೊರತೆ ಎಂದರೆ ಬದಲಾವಣೆಯ ವೇಗ. ಹೊಸ ಆವೃತ್ತಿಯಲ್ಲಿ ಸೆಟ್ಟಿಂಗ್ ಫೈಲಿನ ರೂಪವೇ ಬದಲಾಗಿರುವುದುಂಟು. ಹಳೆಯ ಪರದೆ ವಿನ್ಯಾಸ ಅರ್ಧಂಬರ್ಧ ಕಾಣುವುದುಂಟು. ಓಡುತ್ತಿರುವ ಪ್ರತಿಯ ಮೇಲೆ ಹೊಸದನ್ನು ಸುರಿಯಬೇಡಿ, ಪಕ್ಕದಲ್ಲಿ ಬೇರೆ ಫೋಲ್ಡರಿನಲ್ಲಿ ಇಟ್ಟು ನೋಡಿ. ಮುಗೆನ್‌ನ ದೋಷಗಳನ್ನೇ ಆಸರೆ ಮಾಡಿಕೊಂಡ ಪಾತ್ರಗಳು ಇಲ್ಲಿ ಮುಗ್ಗರಿಸುತ್ತವೆ, ಅದು ಒಳ್ಳೆಯದೇ.

ಮುಂದೆ ಆಟ ಮಾರುವ ಆಸೆ ಇದ್ದರೆ ಇಲ್ಲೇ ತೀರ್ಮಾನ ಮಾಡಿಕೊಳ್ಳಿ. ಮುಗೆನ್‌ನ ಪರವಾನಗಿ ವ್ಯಾಪಾರಕ್ಕಲ್ಲದ ಬಳಕೆಗೆ ಮಾತ್ರ. ಇಕೆಮೆನ್ ಗೋ ಕೋಡ್ ಎಂಐಟಿ ಪರವಾನಗಿಯಲ್ಲಿರುವುದರಿಂದ ಎಂಜಿನ್ ಅಡ್ಡ ಬರುವುದಿಲ್ಲ, ಆದರೆ ಜೊತೆಗೆ ಬರುವ ಚಿತ್ರ, ಸದ್ದುಗಳ ಪರವಾನಗಿಯನ್ನು ಬೇರೆಯಾಗಿ ಓದಬೇಕು. ಬೇರೆ ಆಟದಿಂದ ಕಿತ್ತು ತಂದ ಸ್ಪ್ರೈಟ್ ಒಂದೇ ಒಂದು ಇದ್ದರೂ ಮಾರುವ ಮಾತು ಬಿಟ್ಟುಬಿಡಿ.

ಒಂದು ಸಣ್ಣ ಗುದ್ದು, ಬಿಡಿಸಿ ನೋಡಿದರೆ

ಈ ಎರಡು ಎಂಜಿನ್ ನಿಮಗೆ ಒಗ್ಗುತ್ತವೆಯೋ ಇಲ್ಲವೋ ಎಂದು ತಿಳಿಯಲು ನಿಂತು ಹೊಡೆಯುವ ಸಣ್ಣ ಗುದ್ದು, ಅಂದರೆ 200ನೇ ಸ್ಟೇಟ್ (ಪಾತ್ರದ ಪ್ರತಿ ಸ್ಥಿತಿಗೂ ಒಂದು ಸಂಖ್ಯೆ), ಒಂದನ್ನು ಮಾಡಿ ನೋಡಿದರೆ ಸಾಕು. ಆಟದ ಅತಿ ಸಣ್ಣ ಕಾಲದ ಅಳತೆ ಟಿಕ್, ಸೆಕೆಂಡಿಗೆ 60. ಚಲನೆ ಬರೆಯುವ ಏರ್ ಫೈಲಿನಲ್ಲಿ ಮೂರು ಚಿತ್ರ: ಕೈ ಎತ್ತುವುದಕ್ಕೆ 3 ಟಿಕ್, ಚಾಚುವುದಕ್ಕೆ 3, ಹಿಂದಕ್ಕೆಳೆಯುವುದಕ್ಕೆ 6. ಒಟ್ಟು 12, ಅಂದರೆ ಸೆಕೆಂಡಿನ ಐದನೇ ಒಂದು ಭಾಗ.

ಪೆಟ್ಟು ಕೊಡುವ ಕೆಂಪು ಪೆಟ್ಟಿಗೆ ಎರಡನೇ ಚಿತ್ರಕ್ಕೆ ಮಾತ್ರ. ಪೆಟ್ಟು ತಿನ್ನುವ ನೀಲಿ ಪೆಟ್ಟಿಗೆ ಮೂರಕ್ಕೂ. ನೀಲಿಯನ್ನು ಒಂದು ಚಿತ್ರದಲ್ಲಿ ಮರೆತರೆ ಅಷ್ಟು ಟಿಕ್ ಆ ಪಾತ್ರಕ್ಕೆ ಯಾರ ಏಟೂ ತಾಗದು. ಮಾಡಿದವರಿಗೆ ಇದು ತಿಂಗಳಾದರೂ ಗೊತ್ತಾಗುವುದಿಲ್ಲ, ಸೋತವರಿಗೆ ಮೊದಲ ದಿನವೇ ಗೊತ್ತಾಗುತ್ತದೆ. ಆಟದ ನಡುವೆ ಕಂಟ್ರೋಲ್ ಜೊತೆ ಸಿ ಒತ್ತಿದರೆ ಪೆಟ್ಟಿಗೆಗಳು ಕಾಣುತ್ತವೆ, ಕಂಟ್ರೋಲ್ ಜೊತೆ ಡಿ ಒತ್ತಿದರೆ ಸ್ಟೇಟ್ ಸಂಖ್ಯೆಗಳು. ಆಟವನ್ನು ಪಾಜ್ ಮಾಡಿ (ತಡೆದು ನಿಲ್ಲಿಸಿ) ಸ್ಕ್ರೋಲ್ ಲಾಕ್ ಒತ್ತಿದರೆ ಒಂದೊಂದೇ ಟಿಕ್ ಮುಂದಕ್ಕೆ ಹೋಗುತ್ತದೆ. ಫೈಲು ತಿದ್ದಿದ ಮೇಲೆ ಆಟ ಮುಚ್ಚುವುದು ಬೇಡ, ಶಿಫ್ಟ್ ಜೊತೆ ಎಫ್4 ಒತ್ತಿದರೆ ಪಾತ್ರ ಮತ್ತೆ ಲೋಡ್ ಆಗುತ್ತದೆ.

ಕೆಂಪು ಪೆಟ್ಟಿಗೆಯೊಂದೇ ಹೊಡೆಯುವುದಿಲ್ಲ, ಪಾತ್ರದ ನಡವಳಿಕೆ ಬರೆಯುವ ಸಿಎನ್‌ಎಸ್ ಫೈಲಿನಲ್ಲಿ ಪೆಟ್ಟಿನ ವಿವರ ಹೇಳುವ ಹಿಟ್‌ಡೆಫ್ ಬೇಕು. ಅದರ ಟ್ರಿಗರ್ ‘ಎರಡನೇ ಚಿತ್ರ ಶುರುವಾದಾಗ’ ಎಂದಿರಲಿ. ‘3 ಟಿಕ್ ಆದ ಮೇಲೆ’ ಎಂದು ಬರೆದರೆ ಹಿಟ್‌ಡೆಫ್ ಪ್ರತಿ ಟಿಕ್‌ಗೂ ಹೊಸದಾಗಿ ಹುಟ್ಟಿ ಒಂದು ಗುದ್ದು ಹಲವು ಗುದ್ದಾಗುತ್ತದೆ. ಕೊನೆಗೆ 0ನೇ ಸ್ಟೇಟ್‌ಗೆ, ಅಂದರೆ ಸುಮ್ಮನೆ ನಿಂತ ಸ್ಥಿತಿಗೆ, ಮರಳುವಾಗ ಕಂಟ್ರೋಲ್ 1 (ಹಿಡಿತ ಮತ್ತೆ ಆಟಗಾರನಿಗೆ) ಎಂದು ಬರೆಯದಿದ್ದರೆ ಗುದ್ದಿದ ನಂತರ ಪಾತ್ರ ಗರ ಬಡಿದಂತೆ ನಿಂತುಬಿಡುತ್ತದೆ. ಹೊಸಬರು ಎಂಜಿನ್ ಹ್ಯಾಂಗ್ ಆಯಿತು ಎಂದುಕೊಳ್ಳುವುದು ಇದನ್ನೇ.

ಇನ್ನು ಲೆಕ್ಕ. ಪೆಟ್ಟು ತಗುಲಿದ ಕ್ಷಣದಿಂದ ಹೊಡೆದವನಿಗೆ ಉಳಿಯುವುದು 3 ಮತ್ತು 6, ಒಟ್ಟು 9 ಟಿಕ್. ತಿಂದವನು ತತ್ತರಿಸುವ ಕಾಲ, ಅಂದರೆ ಗ್ರೌಂಡ್ ಹಿಟ್‌ಟೈಮ್, 12 ಕೊಟ್ಟರೆ ಹೊಡೆದವನು 3 ಟಿಕ್ ಮೊದಲು ಬಿಡುಗಡೆಯಾಗುತ್ತಾನೆ. ಮುಂದಿನ ಗುದ್ದು ತಗುಲುವುದು ನಾಲ್ಕನೇ ಟಿಕ್‌ನಲ್ಲಿ, ಅಷ್ಟರಲ್ಲಿ ಎದುರಾಳಿ ತಡೆದುಕೊಳ್ಳಬಲ್ಲ. ಅದೇ 12ನ್ನು 13 ಮಾಡಿ: ಗುದ್ದಿಗೆ ಗುದ್ದು ಕೂಡಿಕೊಂಡು ಮುಗಿಯದ ಕಾಂಬೊ ಹುಟ್ಟುತ್ತದೆ. ಎಂಜಿನ್ನಿನ ಎಣಿಕೆಯಲ್ಲಿ ಒಂದು ಟಿಕ್ ಆಚೀಚೆ ಆಗಬಹುದು, ಹಾಗಾಗಿ ಕಾಗದದ ಲೆಕ್ಕವನ್ನೇ ನಂಬದೆ ಆಡಿ ನೋಡಬೇಕು. ಪೆಟ್ಟು ತಗುಲಿದಾಗ ಇಬ್ಬರೂ ಚಲಿಸದೆ ನಿಲ್ಲುವ ಕಾಲ, ಅಂದರೆ ಪಾಜ್‌ಟೈಮ್, 8,8 ಇದ್ದರೆ ಇಬ್ಬರೂ ಸಮ ನಿಲ್ಲುತ್ತಾರೆ. 8,12 ಎಂದು ಬರೆದರೆ ಗೊತ್ತಿಲ್ಲದೇ 4 ಟಿಕ್ ಲಾಭ ಸೇರಿತು.

ನಡುಮೈದಾನದಲ್ಲಿ ಈ ತಪ್ಪು ಮುಚ್ಚಿಹೋಗುತ್ತದೆ, ಯಾಕೆಂದರೆ ಪ್ರತಿ ಪೆಟ್ಟಿಗೂ ಎದುರಾಳಿ ಹಿಂದಕ್ಕೆ ಜಾರಿ ಕೈಗೆಟುಕದಷ್ಟು ದೂರ ಹೋಗುತ್ತಾನೆ. ಮೂಲೆಯಲ್ಲಿ ಅವನು ಜಾರಲು ಜಾಗವಿಲ್ಲ. ಹೊಡೆದವನನ್ನು ಹಿಂದಕ್ಕೆ ತಳ್ಳುವ ಕಾರ್ನರ್‌ಪುಶ್ ಬೆಲೆಯನ್ನು ಯಾರೋ 0 ಮಾಡಿದ್ದರೆ ಅಲ್ಲಿಗೆ ಮುಗಿಯಿತು. ಗಾಳಿಯಲ್ಲಿ ತೇಲಿಸಿ ಹೊಡೆಯುವುದಕ್ಕೆ ಬೇರೆ ಬೇಲಿ ಇದೆ: ಏರ್‌ಜಗಲ್ 15 ಅಂಕ, ಪ್ರತಿ ಹೊಡೆತವೂ ತನ್ನ ಪಾಲು ಕಳೆಯುತ್ತದೆ. ಹೊಡೆತದ ಸ್ಟೇಟ್‌ನಲ್ಲಿ ಜಗಲ್ ಸಾಲು ಬರೆಯದಿದ್ದರೆ, ಹಿಂದಿನ ಹೊಡೆತ ಗಾಳಿಯಲ್ಲಿ ತಗುಲಿದ್ದಾಗ ಇದೂ ತಗುಲುತ್ತದೆ, ಬೇಲಿ ಇದ್ದೂ ಇಲ್ಲದಂತೆ.

ಇಷ್ಟು ಓದಿ ಕುತೂಹಲ ಹುಟ್ಟಿದರೆ ಇಕೆಮೆನ್ ಗೋ ನಿಮಗೆ ಸರಿ. ತಲೆ ಚಿಟ್ಟು ಹಿಡಿದಿದ್ದರೆ ಮುಂದಿನ ಎರಡನ್ನು ನೋಡಿ.

ಫೈಟರ್ ಮೇಕರ್ 2002

ಇದರಲ್ಲಿ ಅದೇ ಗುದ್ದನ್ನು ಟೈಪ್ ಮಾಡುವುದಿಲ್ಲ. ಚಿತ್ರ, ಚಲನೆ, ಪೆಟ್ಟಿನ ಚೌಕಟ್ಟು, ಸದ್ದು ಎಲ್ಲವನ್ನೂ ಪಟ್ಟಿಯಲ್ಲಿ ಒಂದರ ಕೆಳಗೊಂದು ಜೋಡಿಸಿ, ಅಲ್ಲೇ ಓಡಿಸಿ ನೋಡಬಹುದು. ಒಬ್ಬಿಬ್ಬರು ಕೂತು ಎಂಟು-ಹತ್ತು ಪಾತ್ರದ ಒಂದು ಮುಚ್ಚಿದ ಆಟ ಮುಗಿಸಲು ಇದಕ್ಕಿಂತ ನೇರ ದಾರಿ ಕಡಿಮೆ. 2009ರಲ್ಲಿ ಉಚಿತವಾಗಿ ಬಂದ ವ್ಯಾನ್‌ಗಾರ್ಡ್ ಪ್ರಿನ್ಸೆಸ್ ಇದರಲ್ಲೇ ಆದದ್ದು. ಉಪಕರಣದ ತಾಕತ್ತು ಎಷ್ಟೆಂದು ಅದನ್ನು ಆಡಿದರೆ ತಿಳಿಯುತ್ತದೆ.

ಆದರೆ ಇದು ಜಪಾನಿ ಭಾಷೆಯ, 640 ಇಂಟು 480 ಕಾಲದ ಸಾಫ್ಟ್‌ವೇರ್. ವಿಂಡೋಸ್‌ನ ಲೊಕೇಲ್ (ಭಾಷೆ-ಪ್ರದೇಶದ ಸೆಟ್ಟಿಂಗ್) ಜಪಾನಿಗೆ ಬದಲಿಸದಿದ್ದರೆ ಮೆನುಗಳು ಕಲಸುಮೇಲೋಗರ. ಆಟ ಕೈಗೆ ಸಿಕ್ಕವರು ಹೊಸ ಪಾತ್ರ ತಂದು ಸೇರಿಸುವುದು ಮುಗೆನ್‌ನಷ್ಟು ಸಲೀಸಲ್ಲ. ಅದನ್ನು ದೋಷವೆನ್ನಬಹುದು, ಬ್ಯಾಲೆನ್ಸ್ ಕಾಯುವವರಿಗೆ ಅದೇ ವರ.

ರೈವಲ್ಸ್ ವರ್ಕ್‌ಶಾಪ್

2017ರಲ್ಲಿ ಬಂದ ಆಟ, 2020ರಲ್ಲಿ ಸ್ಟೀಮ್ ಎಂಬ ಆಟದಂಗಡಿಯ ವರ್ಕ್‌ಶಾಪ್ (ಆಟಗಾರರು ಮಾಡಿದ್ದನ್ನು ಹಂಚುವ ಜಾಗ) ಸೇರಿತು. ಇದು ಜೀವದ ಪಟ್ಟಿ ಇಳಿಸುವ ಕಾಳಗವಲ್ಲ, ಎದುರಾಳಿಯನ್ನು ವೇದಿಕೆಯಿಂದಾಚೆ ಹಾರಿಸುವ ಜಾತಿ. ಮುಗೆನ್ ಬಯಸುವವರು ತಪ್ಪಿ ಇದನ್ನು ಕೊಂಡರೆ ನಿರಾಸೆ ಖಚಿತ. ಇಲ್ಲಿ ಗುರಾಣಿಯ ಬದಲು ಪ್ಯಾರಿ (ಸರಿಯಾದ ಕ್ಷಣಕ್ಕೆ ಒತ್ತಿ ಏಟು ವ್ಯರ್ಥ ಮಾಡುವುದು) ಇದೆ, ಹಿಡಿದೆಸೆಯುವುದಿಲ್ಲ. ಹಾಗಾಗಿ ಒಂದು ಪಾತ್ರಕ್ಕೆ ಮುಖ್ಯ ಹೊಡೆತಗಳು 17: ನೆಲದ ಮೇಲೆ 5, ಬಲದ ಹೊಡೆತ 3, ಗಾಳಿಯಲ್ಲಿ 5, ವಿಶೇಷ 4. ಎದುರಿಗಿರುವ ಪಾತ್ರಗಳು ಈಗಾಗಲೇ ಹದಕ್ಕೆ ಬಂದಿರುವುದರಿಂದ ನಿಮ್ಮದು ಅತಿಯಾಯಿತೋ ಸಪ್ಪೆಯಾಯಿತೋ ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ. ಉಳಿದ ಮೂರರಲ್ಲಿ ಈ ಅನುಕೂಲ ಇಲ್ಲ.

ಕೋಡ್ ಗೇಮ್‌ಮೇಕರ್‌ನ ಜಿಎಂಎಲ್ ಭಾಷೆಯಲ್ಲಿ, ಪ್ರತಿ ಹೊಡೆತಕ್ಕೂ ಒಂದು ಫೈಲ್. ಚಿತ್ರಗಳು ಉದ್ದ ಪಟ್ಟಿಯಾಗಿ, ಫೈಲಿನ ಹೆಸರಿನ ಕೊನೆಯಲ್ಲೇ ಚೌಕಟ್ಟುಗಳ ಸಂಖ್ಯೆ ಇರಬೇಕು: 8 ಭಂಗಿಯಿದ್ದರೆ ‘ಸ್ಟ್ರಿಪ್8’ ಎಂದು. ಪಟ್ಟಿಯ ಅಗಲ ಆ ಸಂಖ್ಯೆಯಿಂದ ಸರಿಯಾಗಿ ಭಾಗವಾಗದಿದ್ದರೆ ಪಾತ್ರ ಪ್ರತಿ ಭಂಗಿಗೂ ಪಕ್ಕಕ್ಕೆ ಜರುಗುತ್ತ ಹೋಗುತ್ತದೆ. ಚಿತ್ರ ಒಂದು ಕಡೆ, ಪೆಟ್ಟು ತಿನ್ನುವ ಜಾಗ ಇನ್ನೊಂದು ಕಡೆ ಇದ್ದರೆ ಲೋಡ್ ಫೈಲಿನಲ್ಲಿ ಆಫ್‌ಸೆಟ್ ಕೊಟ್ಟಿಲ್ಲ ಎಂದರ್ಥ.

ಕೊಳ್ಳುವಾಗ ಎರಡು ಕಡೆ ಎಡವಬಹುದು. ವರ್ಕ್‌ಶಾಪ್ ಇರುವುದು ಸ್ಟೀಮ್ ಪ್ರತಿಯಲ್ಲಿ, ಕನ್ಸೋಲ್ ಪ್ರತಿಯಲ್ಲಿ ಅಲ್ಲ. 2024ರಲ್ಲಿ ಬಂದ ಎರಡನೇ ಭಾಗ 3ಡಿ ಆಟ, ಮೊದಲನೆಯದಕ್ಕೆ ಮಾಡಿದ ಪಾತ್ರ ಅದರಲ್ಲಿ ಓಡುವುದಿಲ್ಲ.

ಚಿತ್ರಗಳ ಹೊರೆ

ಎಂಜಿನ್ ಬಗ್ಗೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಕೈಬಿಡುವುದು ಎಂಜಿನ್ನಿನಿಂದಲ್ಲ, ಚಿತ್ರ ಬರೆದು ಬರೆದು ಸಾಕಾಗಿ. ಆರು ಬಟನ್‌ಗಳ ಸಾಧಾರಣ ಪಾತ್ರಕ್ಕೆ ಲೆಕ್ಕ ಹಾಕಿ: ನಿಲ್ಲುವುದು 6, ನಡಿಗೆ ಎರಡೂ ಕಡೆ 12, ಕೂರು-ತಿರುಗು 3, ನೆಗೆತ 4, ಓಟ ಮತ್ತು ಹಿಂಜಿಗಿತ 8, ತಡೆ 3, ಪೆಟ್ಟು ತಿಂದು ಬಿದ್ದು ಏಳುವುದು 21. ನಿಂತು, ಕೂತು, ಹಾರಿ ಹೊಡೆಯುವ 18 ಹೊಡೆತಕ್ಕೆ ತಲಾ 4ರಂತೆ 72. ಎಸೆತ 5, ಮೂರು ವಿಶೇಷಕ್ಕೆ 21, ಸೂಪರ್ 10, ಪ್ರವೇಶ ಮತ್ತು ಗೆಲುವು 12. ಕೂಡಿದರೆ 177. ಒಂದಕ್ಕೆ 40 ನಿಮಿಷ ಹಿಡಿದರೆ 118 ಗಂಟೆ, ದಿನಕ್ಕೆ ಎರಡು ಗಂಟೆ ಕೂತರೆ ಎರಡು ತಿಂಗಳು. ಬಟನ್ ನಾಲ್ಕಕ್ಕೆ ಇಳಿಸಿದರೆ 24 ಚಿತ್ರ, ಅಂದರೆ 16 ಗಂಟೆ ಉಳಿತಾಯ. ಮೊದಲ ಪಾತ್ರಕ್ಕೆ ನಾಲ್ಕೇ ಇಡಿ. ಪೆಟ್ಟು ತಿನ್ನುವ ಭಂಗಿಗಳನ್ನು ಕೊನೆಗೆ ಬರೆದರಾಯಿತು ಎಂದು ತಳ್ಳಬೇಡಿ. ಎದುರಾಳಿ ಹೊಡೆದಾಗ ಚಿತ್ರವೇ ಇಲ್ಲದೆ ಪಾತ್ರ ಮಾಯವಾಗುವುದು ಅದರಿಂದಲೇ.

ಇಳಿಸಿಕೊಂಡ ಮೇಲೆ 20 ನಿಮಿಷ

ಯಾರೋ ಕಟ್ಟಿಕೊಟ್ಟ ಆಟವನ್ನು ಪರೀಕ್ಷಿಸುವುದಾದರೆ ಮೊದಲು ಪ್ರಾಕ್ಟೀಸ್‌ಗೆ ಹೋಗಿ. ಸಣ್ಣ ಗುದ್ದಿನ ಜೊತೆ ತಗ್ಗಿನ ಒದೆ, ಎರಡನ್ನೇ ಮೂಲೆಯಲ್ಲಿ ಹತ್ತು ಸಲ ಒತ್ತಿ. ಎದುರಾಳಿ ನಡುವೆ ತಡೆಯಲಾಗದಿದ್ದರೆ ಆ ಪಾತ್ರ ಇಬ್ಬರು ಆಡುವುದಕ್ಕೆ ನಾಲಾಯಕ್ಕು. ಆಮೇಲೆ ಕೆಳಗೆ-ಮುಂದೆ-ಗುದ್ದು ವಿಶೇಷವನ್ನು ಇಪ್ಪತ್ತು ಸಲ ಮಾಡಿ. ಐದಾರು ಸಲ ತಪ್ಪಿದರೆ ನಿಮ್ಮ ಬೆರಳನ್ನು ಬೈಯುವ ಮೊದಲು, ಬಟನ್ ಒತ್ತುವ ಕ್ರಮಗಳನ್ನು ಬರೆದಿರುವ ಸಿಎಂಡಿ ಫೈಲ್ ತೆರೆಯಿರಿ. ಕಮಾಂಡ್ ಬಫರ್ ಟೈಮ್ 1 ಎಂದಿದ್ದರೆ ಒಂದೇ ಒಂದು ಟಿಕ್ ಮೊದಲು ಒತ್ತಿದ್ದೂ ವ್ಯರ್ಥ. 3 ಅಥವಾ 4 ಮಾಡಿ, ಆಟದ ಕೈ ಹಿಡಿತವೇ ಬದಲಾಗುತ್ತದೆ. ಒಟ್ಟು ಪೆಟ್ಟು ನೋಡಿ: ಪವರ್ ಬಳಸದ ಕಾಂಬೊ 1000ದಲ್ಲಿ 300 ದಾಟಿದರೆ ಒಂದು ಸುತ್ತು ಮೂರು-ನಾಲ್ಕು ತಪ್ಪಿಗೆ ಮುಗಿಯುತ್ತದೆ, ಹೊಸಬರು ಎರಡನೇ ದಿನ ಬರುವುದಿಲ್ಲ.

ಪಾತ್ರಗಳ ಸಂಖ್ಯೆಗೆ ಮರುಳಾಗಬೇಡಿ. 500 ಮುಖಗಳ ಪರದೆ ನೋಡಲು ಭರ್ಜರಿ, ಆದರೆ ಮುಗೆನ್ ಶುರುವಾಗುವಾಗಲೇ ಅಷ್ಟೂ ಮುಖಚಿತ್ರ ಓದುವುದರಿಂದ ಕಾಯುತ್ತ ಕೂರಬೇಕು. ಒಂದೇ ಕೈಯವರು ಮಾಡಿದ 16 ಪಾತ್ರ ಸಾಕು.

ಒಂದೇ ಕೀಬೋರ್ಡಿನಲ್ಲಿ ಇಬ್ಬರು ಆಡುವವರು ಕೊನೆಯದಾಗಿ ಇದನ್ನೂ ನೋಡಿಕೊಳ್ಳಿ. ಅಗ್ಗದ ಮೆಂಬ್ರೇನ್ ಕೀಬೋರ್ಡ್ ಮೂರು-ನಾಲ್ಕು ಕೀ ಒಟ್ಟಿಗೆ ಒತ್ತಿದರೆ ಒಂದನ್ನು ನುಂಗುತ್ತದೆ, ಯಾವುದನ್ನು ನುಂಗುತ್ತದೆ ಎನ್ನುವುದು ಕೀಗಳ ಜೋಡಣೆಯ ಮೇಲೆ ಹೋಗುತ್ತದೆ. ಒಬ್ಬ ಹಿಂದಕ್ಕೆ-ಕೆಳಕ್ಕೆ ಒತ್ತಿ ತಡೆ ಹಿಡಿದಿರುವಾಗ ಇನ್ನೊಬ್ಬನ ಒದೆ ಬರುವುದೇ ಇಲ್ಲ, ಜಗಳ ಶುರು. ನೋಟ್‌ಪ್ಯಾಡ್ ತೆರೆದು ಇಬ್ಬರೂ ತಮ್ಮ ಅಕ್ಷರದ ಕೀಗಳನ್ನು ಒಟ್ಟಿಗೆ ಒತ್ತಿ ನೋಡಿ, ಕಾಣಿಸದ ಅಕ್ಷರವನ್ನು ಬೇರೆ ಸಾಲಿಗೆ ಬದಲಿಸಿ. ಒಬ್ಬರಿಗೆ ಗೇಮ್‌ಪ್ಯಾಡ್ ಕೊಟ್ಟರೆ ಈ ತಾಪತ್ರಯವೇ ಇಲ್ಲ.